ಮಮದಾಪುರದ ಮುಯ್ಯಿ

"ಶ್ರಮದಾನ ಅಂದ್ರ ಏನಲೇ ಅದು? ಕೂಲಿ ಇಲ್ದ ಕೂಲಿ ಕೆಲಸ, ಹೌದಿಲ್ಲ?"

ಪರಸವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. ಹಿಂದಿನ ದಿನ ಜಿನ್ನಿಂಗ್ ಕಾರಖಾನೆಯಲ್ಲಿ ಹಾರಿದ ಹತ್ತಿಯ ಎಳೆಗಳು ಇನ್ನೂ ಅವಳ ಕೂದಲಲ್ಲೇ ಇದ್ದವು. ಮಗ ದಶರಥ ಏಳನೆಯ ಇಯತ್ತೆಗೆ ಪಾಸಾಗಿದ್ದ. ಅವನಿಗೆ ಆ ಮುಂಜಾನೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಸಾಲೆಯ ಹುಡುಗರೆಲ್ಲ ಹಣಮಂತರಾಯ ಮಾಸ್ತರರ ಜೊತೆ ಮಮದಾಪುರಕ್ಕೆ ಹೋಗಿ, ಕೆಲವು ದಿನ ಶಿಬಿರ ಹೂಡಿ ಕೆರೆಯ ಹೂಳು ತೆಗೆಯುವವರಿದ್ದರು. ವಿಜಾಪುರದಿಂದ ಬಬಲೇಶ್ವರದವರೆಗೆ ಮೋಟಾರು, ಅಲ್ಲಿಂದ ಮುಂದೆ ನಡಿಗೆ. ದಶರಥ ಹುಟ್ಟಿದಾಗಿನಿಂದ ಮೋಟಾರು ಹತ್ತಿದವನಲ್ಲ.

"ಕೂಲಿ ಅಲ್ಲಬೇ, ಸೇವಾ. ಸಮಾಜ ಸೇವಾ ಅಂದಾರ ಮಾಸ್ತರು."

"ಕೂಲಿ ಇಲ್ದ ದುಡಿಯವ್ರು ಇಬ್ಬರ ನೋಡು. ಒಬ್ಬ ಮುಯ್ಯಾಳು, ಇನ್ನೊಬ್ಬ ಹುಚ್ಚ. ನೀ ಯಾರು?"

"ಮುಯ್ಯಾಳು ಅಂದ್ರ?"

"ಹೊಲ ಇದ್ದವ್ರು ತಮ್ಮ ತಮ್ಮೊಳಗ ಮಾಡ್ಕೋತಾರ. ಇವತ್ತ ನೀ ನನ್ನ ಹೊಲಕ್ಕ ದುಡಿಯಾಕ ಬಾ, ನಾಳಿ ನಾ ನಿನ್ನ ಹೊಲಕ್ಕ ಬರ್ತೀನಿ. ರೊಕ್ಕಿಲ್ಲ, ಕಾಳಿಲ್ಲ. ಆಳಿಗೆ ಆಳು. ಮುಯ್ಯಿ ತೀರಸಲಿಲ್ಲ ಅಂದ್ರ ಊರಾಗ ಮಾರಿ ತೋರ್ಸೂ ಹಂಗಿಲ್ಲ." ರೊಟ್ಟಿಯನ್ನು ಹಂಚಿನ ಮೇಲೆ ಎಸೆದು ಅವಳು ಹಣೆ ಒರೆಸಿಕೊಂಡಳು. "ನಮಗ ಯಾರು ಮುಯ್ಯಿ ಬರ್ತಾರೋ ಯಪ್ಪಾ. ನಿಮ್ಮ ಮುತ್ಯಾನ ಕಾಲದಿಂದ ನಮಗ ಕೂಲಿ ಕೊಡ್ತಾರ. ದೂರ ನಿಂತು ಉಡ್ಯಾಗ ಹಾಕ್ತಾರ, ಕಳಸ್ತಾರ. ಮನ್ಯಾಗ ಬುದ್ಧನ ಪೋಟೊ ಇಟ್ಟ ಮ್ಯಾಲೂ ಆ ಕೈ ಅಷ್ಟ ದೂರದಿಂದನ ಬರ್ತದ."

ದಶರಥನ ಕಿವಿ ಅರ್ಧ ಇಲ್ಲಿ, ಅರ್ಧ ಬೀದಿಯಲ್ಲಿತ್ತು. ಅವಳು ಬುತ್ತಿ ಕಟ್ಟಿ ಅವನ ಹೆಗಲಿಗೆ ಹಾಕಿದಳು. "ನೀರಿನ ಹತ್ರ ಹೋಗಬ್ಯಾಡ. ನಿನಗ ಈಸಾಕ ಬರೂದಿಲ್ಲ."

ಅದು ನಿಜವಾಗಿತ್ತು. ಊರಿನ ಬಾವಡಿಯ ನೀರಿಗೆ ಬೇರೆ ಓಣಿಯ ಹುಡುಗರು ಜಿಗಿಯುವುದನ್ನು ಅವನು ದಂಡೆಯ ಮೇಲಿನಿಂದ ಎಷ್ಟೋ ಸಲ ನೋಡಿದ್ದ. ಕೆಳಗೆ ಇಳಿದಿರಲಿಲ್ಲ. ಇಳಿಸಿಕೊಳ್ಳುವವರೂ ಇರಲಿಲ್ಲ.

ಮೋಟಾರು ಹೊರಟಿತು. ಹುಡುಗರೆಲ್ಲ ಹಿಂದಿನ ಕಿಡಕಿಗೆ ಮುಗಿಬಿದ್ದರು. ಗೋಳಗುಮ್ಮಟ ಯಾರಿಗೆ ಕೊನೆಯವರೆಗೂ ಕಾಣುತ್ತದೆ ಎಂಬುದೇ ಪಂದ್ಯ. ಗುಡ್ಡ ಇಳಿದಾಗ ಮುಳುಗಿತು, ಏರಿದಾಗ ಮತ್ತೆ ಎದ್ದಿತು. ಎಲ್ಲರೂ ಸೋತು ಕುಳಿತ ಮೇಲೂ ದಶರಥನ ಗೆಳೆಯ ಅಬ್ದುಲಸಮದ ಒದರುತ್ತಲೇ ಇದ್ದ.

"ನನಗ ಕಾಣತದ! ಇನ್ನೂ ಕಾಣತದ!"

"ಸಮದ್ಯಾ, ಅದು ಗುಮ್ಮಟ ಅಲ್ಲಲೇ. ಹಿಂದಿನ ಸೀಟಿನ ಕಾಕಾನ ಬೋಳ ತಲಿ!"

ಆ ಕಾಕಾ ತಿರುಗಿ ನೋಡಿದ. ಇಡೀ ಮೋಟಾರು ನಕ್ಕಿತು. ತಿಕೋಟಾದ ಕಡೆಯವರಾದ ಹಣಮಂತರಾಯ ಮಾಸ್ತರು ಗಂಭೀರವಾಗಿರಲು ನೋಡಿ, ಆಗದೆ, ಟೊಪ್ಪಿಗೆಯಿಂದ ಬಾಯಿ ಮುಚ್ಚಿಕೊಂಡರು. ಮೋಟಾರಿನ ಮೇಲೆ ಟಪ್ಪಿಗೆ ಕಟ್ಟಿದ್ದ ಬುಟ್ಟಿ, ಸಲಿಕೆಗಳು ಪ್ರತಿ ತಗ್ಗಿಗೂ ಡೊಳ್ಳು ಬಾರಿಸುತ್ತಿದ್ದವು. ಬಬಲೇಶ್ವರದಲ್ಲಿ ಇಳಿದು, ಬುತ್ತಿ ಬಿಚ್ಚಿ ತಿಂದು, ಸಾಲಾಗಿ ನಡೆದರು. ಕರಿ ಎರೆ ಭೂಮಿ ಬಿಸಿಲಿಗೆ ಬಾಯಿ ಬಿಟ್ಟಿತ್ತು. ಬಿರುಕಿಗೆ ಕಾಲು ಹಾಕಿ ಎಷ್ಟು ಆಳ ಹೋಗುತ್ತದೆ ಎಂದು ನೋಡುತ್ತ ನಡೆದ ಸಮದನ ಚಪ್ಪಲಿ ಒಳಗೇ ಉಳಿಯಿತು. ಅದನ್ನು ಎಳೆಯಲು ನಾಲ್ಕು ಜನ ಬೇಕಾಯಿತು.

ಮಮದಾಪುರದ ಕೆರೆ ಕಂಡಾಗ ಎಲ್ಲರೂ ನಿಂತು ನೋಡಿದರು. ಅಷ್ಟು ದೊಡ್ಡದು. ನಡುವೆ ಒಂದಿಷ್ಟು ನೀರು ಹೊಳೆಯುತ್ತಿತ್ತು. ಉಳಿದದ್ದೆಲ್ಲ ಒಣಗಿದ ಹೂಳು. ಏರಿಯ ಮೇಲೆ ಬಿಳಿ ರುಮಾಲು ಸುತ್ತಿದ ಮುದುಕನೊಬ್ಬ ನಿಂತಿದ್ದ. ಅವನೇ ಊರ ಹಿರಿಯ ಗುರಲಿಂಗಪ್ಪ. ಕೆರೆಯ ಬದಿಗೆ ಅವನ ಹೊಲ, ಹೊಲದಲ್ಲಿ ಮೆಟ್ಟಿಲು ಬಾವಿ. ಹೂಳು ತೆಗೆಯಲು ಸರಕಾರದ ಕೂಲಿ ಆಳುಗಳು ಬರುತ್ತಾರೆಂದು ಊರವರು ಕಾದಿದ್ದರು. ಬಂದದ್ದು ಖಾಕಿ ಚಡ್ಡಿಯ ಹುಡುಗರ ಹಿಂಡು.

"ಇವ್ರಿಗೆ ಕೂಲಿ ಯಾರು ಕೊಡ್ತಾರ್ರಿ ಮಾಸ್ತರ?"

"ಕೂಲಿ ಇಲ್ರಿ ಯಜಮಾನರ. ಏನೂ ಬಯಸದ ಮಾಡೂ ಸೇವಾ. ನಿಮ್ಮಿಂದ ಒಂದ ಕಾಳನೂ ಬ್ಯಾಡ." ಮಾಸ್ತರರು ಉತ್ಸಾಹದಿಂದ ಸೇವೆಯ ಮೇಲೆ ಭಾಷಣವನ್ನೇ ಮಾಡಿದರು. ಭಾಷಣ ಬೆಳೆದಂತೆ ಗುರಲಿಂಗಪ್ಪನ ಮುಖ ಬಿಗಿಯುತ್ತ ಹೋಯಿತು.

"ಅಂದ್ರ ನಾವ ಭಿಕ್ಷಾ ಬೇಡಾಕತ್ತೇವಿ ಅಂದಂಗಾತು," ಎಂದ. "ಈ ಹೂಳು ನಮ್ಮ ಹೊಲಕ್ಕ ಬಂಗಾರ. ಸಣ್ಣ ಹುಡುಗ್ರ ಕೈಲೆ ಪುಕ್ಕಟ ಹೊರಿಸ್ಕೊಂಡು ಆ ಮುಯ್ಯಿ ಎಲ್ಲಿ ತೀರಸೋಣ್ರಿ? ಇವ್ರಿಗೆ ವಿಜಾಪುರದಾಗ ಹೊಲ ಅದಾವೇನು? ನಮ್ಮಪ್ಪ ಸತ್ತಾಗ ಅವನ ಮ್ಯಾಲ ಒಂದ ಮುಯ್ಯಿ ಉಳದಿದ್ದಿಲ್ಲ. ನಾನೂ ಹಂಗ ಸಾಯಾಂವ. ಇವತ್ತ ಸಾಲ್ಯಾಗ ಮಲಗ್ರಿ, ಉಣ್ರಿ, ಮುಂಜಾನಿ ಮೋಟಾರಿಗೆ ಹೊಂಡ್ರಿ."

ಹುಡುಗರ ಮುಖಗಳು ಬಾಡಿದವು. ಒಂದು ಬುಟ್ಟಿ ಮಣ್ಣು ಎತ್ತದೆ ಹಿಂತಿರುಗುವುದೇ? ಅಷ್ಟರಲ್ಲಿ ಬಾವಿಯ ಕಡೆಯಿಂದ ದುಡುಂ ಎಂಬ ಸಪ್ಪಳ. ಹುಡುಗಿಯೊಬ್ಬಳು ಮೇಲಿನಿಂದ ಹಾರಿದ್ದಳು. ಬಗ್ಗಿ ನೋಡಿದವರಿಗೆ ತಲೆ ಎತ್ತಿ ನಾಲಿಗೆ ತೋರಿಸಿ, ಕಪ್ಪೆಯ ಹಾಗೆ ಮತ್ತೆ ಒಳಗೆ ಹೋದಳು. ಅವಳು ಗುರಲಿಂಗಪ್ಪನ ಮೊಮ್ಮಗಳು ಶಂಕ್ರೆವ್ವ.

ದಶರಥನಿಗೆ ತಾನು ಮುಂದೆ ಬಂದದ್ದೇ ಗೊತ್ತಾಗಲಿಲ್ಲ.

"ಅಜ್ಜಾರ, ನಮ್ಮ ಮುಯ್ಯಿ ಇಟಕೋರಿ. ನಮಗ ಹೊಲ ಇಲ್ಲ ಖರೆ. ನಾವು ಮುಂಜಾನಿ ಮಣ್ಣ ಹೊರ್ತೀವಿ. ನೀವು ಮಧ್ಯಾಹ್ನ ಈಸು ಕಲಸ್ರಿ. ಆಳಿಗೆ ಆಳು."

ಮುದುಕನ ಹೊಟ್ಟೆ ನಗುವಿನಿಂದ ಕುಲುಕತೊಡಗಿತು.

"ಈ ಪ್ಯಾಟಿ ಕೂಸಿಗೆ ಮುಯ್ಯಿ ಯಾರು ಹೇಳಿಕೊಟ್ರೋ?"

"ನಮ್ಮವ್ವ."

"ಶಾಣ್ಯಾ ಇದ್ದಾಳ ನಿಮ್ಮವ್ವ. ಆತು. ಒಂದ ಮನಿಗೆ ಒಬ್ಬ ಹುಡುಗ. ಯಾರ ಚಕ್ಕಡಿ ತುಂಬ್ತಾನೋ, ಆ ಮನ್ಯಾವ್ರ ಈಸು ಕಲಸಬೇಕು. ನೀ ನನ್ನ ಚಕ್ಕಡಿಗೆ ಬಾ."

ಮರುದಿನ ನಸುಕಿಗೇ ಕೆರೆಯಲ್ಲಿ ಜಾತ್ರೆ ನೆರೆದಂತಾಯಿತು. ಚಕ್ಕಡಿಗಳು ಕೆರೆಯೊಳಗೆ ಇಳಿದು ನಿಂತವು. ಗುದ್ದಲಿ ಬಿದ್ದಲ್ಲಿ ಮೇಲಿನ ಒಣ ಪದರು ಒಡೆದು, ಕೆಳಗಿನಿಂದ ತಣ್ಣಗಿನ ಕಪ್ಪು ಮಣ್ಣು ಬೆಣ್ಣೆಯ ಹಾಗೆ ಬಂತು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಬುಟ್ಟಿ. ಹೊತ್ತು ಓಡುವುದು, ಸುರಿಯುವುದು, ಮತ್ತೆ ಓಡುವುದು. ಯಾರ ಚಕ್ಕಡಿ ಮೊದಲು ತುಂಬುತ್ತದೆ ಎಂಬ ಪಂದ್ಯ ಯಾರೂ ಹೇಳದೆ ಶುರುವಾಗಿತ್ತು. ಸಮದನಿಗೆ ಹೂಳಿನಲ್ಲಿ ಜೀವಂತ ಏಡಿ ಸಿಕ್ಕಿತು. ಅದು ಅವನ ಬೆರಳು ಹಿಡಿದುಕೊಂಡಿತು. ಅವನು ಏರಿಯುದ್ದಕ್ಕೂ ಅದನ್ನು ತೂಗಾಡಿಸುತ್ತ ಕುಣಿದ. ಮಾಸ್ತರರೂ ಧೋತರ ಮೇಲೆ ಕಟ್ಟಿ ಗುದ್ದಲಿ ಹಿಡಿದರು. ಅವರ ಗುದ್ದಲಿ ಬರುವ ಕಡೆಗೆ ಯಾರೂ ಸುಳಿಯಲಿಲ್ಲ.

ದಶರಥ ಗುರಲಿಂಗಪ್ಪನ ಚಕ್ಕಡಿ ಬಿಟ್ಟು ಕದಲಲಿಲ್ಲ. ಕುತ್ತಿಗೆ ನೋಯುತ್ತಿತ್ತು, ಬೆವರಿನ ಜೊತೆ ಕಪ್ಪು ನೀರು ಬಾಯಿಗೆ ಇಳಿಯುತ್ತಿತ್ತು. ಆದರೆ ಪ್ರತಿ ಬುಟ್ಟಿ ಸುರಿದಾಗಲೂ ಅವನಿಗೆ ಬಾವಿಯ ನೀರು ಕಾಣುತ್ತಿತ್ತು. ತಾಯಿಗೆ ಯಾರೂ ತೀರಿಸದ ಮುಯ್ಯಿ ಅವನಿಗೆ ಮಧ್ಯಾಹ್ನ ತೀರುವುದಿತ್ತು.

"ಸಾಕಲೇ, ಎತ್ತು ಏಳೂದಿಲ್ಲ ಇನ್ನ!" ಎಂದು ಮುದುಕ ನಕ್ಕು, ತುಂಬಿದ ಚಕ್ಕಡಿಯನ್ನು ತನ್ನ ಹೊಲಕ್ಕೆ ಹೊಡೆದ.

ಮಧ್ಯಾಹ್ನ ಬಾವಿಯ ಮೆಟ್ಟಿಲುಗಳ ಮೇಲೆ ನಿಲ್ಲಲು ಜಾಗವಿರಲಿಲ್ಲ. ಒಣಗಿದ ಸೋರೆಬುರುಡೆಗಳನ್ನು ಹಗ್ಗದಿಂದ ಹುಡುಗರ ಬೆನ್ನಿಗೆ ಕಟ್ಟುತ್ತಿದ್ದರು. ಸಮದ ಎಲ್ಲರಿಗಿಂತ ಮೊದಲು ಬಿದ್ದ. ಜಿಗಿದನೋ ಜಾರಿದನೋ ತಿಳಿಯಲಿಲ್ಲ. ಬುರುಡೆ ತಬ್ಬಿಕೊಂಡು ನಡುಬಾವಿಯಲ್ಲಿ ತಿರುಗುತ್ತ "ಯಾ ಅಲ್ಲಾ!" ಎಂದ. ಬಾವಿ ಅದನ್ನೇ ತಿರುಗಿ ಹೇಳಿತು. "ಏ, ಇದೂ ಗುಮ್ಮಟ ಅದಲೇ!" ಎಂದು ಹುಡುಗರು ಒದರಿದರು.

ದಶರಥ ಅಂಗಿ ತೆಗೆದು ಮೆಟ್ಟಿಲಿಗೆ ಕಾಲಿಟ್ಟ. ಆಗ ಪಕ್ಕದ ಹೊಲದ ಶಿವಶರಣಪ್ಪ ಅವನನ್ನು ತಡೆದ.

"ಯಾರ ಮಗನೋ ನೀ? ಯಾವ ಓಣಿ?"

ದಶರಥ ತಾಯಿಯ ಹೆಸರು ಹೇಳಿದ. ಓಣಿಯ ಹೆಸರನ್ನೂ ಹೇಳಿದ. ಮುಚ್ಚಿಡಬೇಕು ಎಂದು ಅವನಿಗೆ ಹೊಳೆಯಲಿಲ್ಲ.

ಬುರುಡೆ ಕಟ್ಟುತ್ತಿದ್ದ ಕೈಗಳು ನಿಂತವು. ಓಣಿಯ ಹೆಸರೇ ಜಾತಿ ಹೇಳುತ್ತಿತ್ತು; ಆ ಜನರನ್ನು ಬಾವಿಗೆ ಇಳಿಸುವ ರೂಢಿ ಆ ಸೀಮೆಯಲ್ಲಿ ಎಲ್ಲಿಯೂ ಇರಲಿಲ್ಲ.

"ಒಂದ ಮಾತ ಮೊದಲ ಹೇಳಬೇಕಿಲ್ಲೇನ್ರಿ ಮಾಸ್ತರ?" ಶಿವಶರಣಪ್ಪ ದನಿ ತಗ್ಗಿಸಿದ. "ಹೋಗ್ಲಿ, ಹುಡುಗ ದುಡದಾನ, ಸುಳ್ಳಲ್ಲ. ಒಂದ ಸೇರು ಜ್ವಾಳ ಕೊಟ್ಟು ಕಳಸೋಣ. ಬರೇ ಕೈಲೆ ಏನ ಹೋಗೂದಿಲ್ಲಲ್ಲ."

"ನಾ ಕೂಲಿಗೆ ಬಂದಿಲ್ರಿ," ಎಂದ ದಶರಥ. ಅವನ ಕಾಲು ಮೆಟ್ಟಿಲು ಬಿಡಲಿಲ್ಲ. "ಮುಯ್ಯಿಗೆ ಬಂದೀನಿ."

ಹಣಮಂತರಾಯ ಮಾಸ್ತರರು ಭಾಷಣ ಮಾಡಲಿಲ್ಲ. ದಂಡೆಗೆ ಬಂದು, "ಎಲ್ಲಾರೂ ಮ್ಯಾಲ ಬರ್ರಿ," ಎಂದರು. "ಒಬ್ಬಾಂವ ಇಳಿಯೂ ಹಂಗಿಲ್ಲ ಅಂದ್ರ ಯಾರೂ ಇಳಿಯೂದು ಬ್ಯಾಡ."

ಹುಡುಗರು ಒಬ್ಬೊಬ್ಬರಾಗಿ ಮೇಲೆ ಬಂದರು. ಬಾವಿಯ ನಡುವಿನಿಂದ ಒಂದು ದನಿ ಬಂತು.

"ನಾ ಹ್ಯಾಂಗ ಬರ್ಲಿರಿ ಸರ? ನನಗಿನ್ನೂ ಈಸಾಕ ಬರೂದಿಲ್ಲ!"

ಯಾರೂ ನಗಲಿಲ್ಲ. ಎಲ್ಲರೂ ಗುರಲಿಂಗಪ್ಪನನ್ನು ನೋಡುತ್ತಿದ್ದರು. ಅವನು ದಂಡೆಯ ಕಲ್ಲಿನ ಮೇಲೆ ಕುಳಿತು ತನ್ನ ಹೊಲವನ್ನು ನೋಡುತ್ತಿದ್ದ. ಮುಂಜಾನೆ ಸುರಿದ ಹೂಳು ಅಲ್ಲಿ ಸಾಲು ಸಾಲು ಗುಪ್ಪೆಯಾಗಿ ಬಿದ್ದಿತ್ತು. ಒಣಗಿದ ನೆಲದ ಮೇಲೆ ಅದೊಂದೇ ಕಪ್ಪಗೆ, ಹಸಿಯಾಗಿ ಕಾಣುತ್ತಿತ್ತು. ಶಂಕ್ರೆವ್ವ ಅಜ್ಜನ ಭುಜ ಅಲುಗಿಸಿದಳು. ಅವನು ಕದಲಲಿಲ್ಲ.

ಆಮೇಲೆ ಹೊಲದ ಕಡೆಗೆ ಕೈ ತೋರಿಸಿ ಕೇಳಿದ: "ಶಿವಶರಣಾ, ಆ ಮಣ್ಣ ಹೊಳ್ಳಿ ಹೊತ್ತು ಕೆರಿಗೆ ಹಾಕ್ತೀಯೇನು?"

"ಅದ್ಯಾಕ?"

"ಮುಯ್ಯಿ ಬ್ಯಾಡಂದ್ರ ಮಣ್ಣ ಹೊಳ್ಳಿ ಕೊಡಬೇಕು. ಮಣ್ಣ ಇಟಕೊಂಡ್ರ ಮುಯ್ಯಿ ತೀರಸಬೇಕು. ಮೂರನೇದ್ದು ನಮ್ಮಪ್ಪ ನನಗ ಕಲಸಿಲ್ಲ. ಹುಡುಗ ಬುಟ್ಟಿ ಹೊರೂಮುಂದ ಯಾವ ಓಣ್ಯಾಂವ ಅಂತ ನಾ ಕೇಳ್ಲಿಲ್ಲ. ಈಗ ಕೇಳಿದ್ರ ನಾ ಕಳ್ಳ ಆದೆ."

"ಹಂಗಾದ್ರ ನನ್ನ ಎತ್ತು ಇನ್ನ ಮ್ಯಾಲ ಈ ಬಾವಿ ನೀರು ಕುಡಿಯೂದಿಲ್ಲ!"

"ಎತ್ತಿಗೆ ಒಂದ ಮಾತ ಕೇಳಿ ಹೇಳೋ ತಮ್ಮಾ."

ಶಿವಶರಣಪ್ಪ ಹೆಗಲ ಮೇಲಿನ ವಸ್ತ್ರ ಝಾಡಿಸಿ ಹೊರಟೇಹೋದ. ಅವನ ಹಿಂದೆ ಇನ್ನಿಬ್ಬರು ಎದ್ದರು. ಉಳಿದವರು ಹೋಗಲೂ ಇಲ್ಲ, ಹತ್ತಿರ ಬರಲೂ ಇಲ್ಲ.

ಗುರಲಿಂಗಪ್ಪ ರುಮಾಲು ಬಿಚ್ಚಿ ಮೊಮ್ಮಗಳ ಕೈಗೆ ಕೊಟ್ಟ. ಅಂಗಿ ತೆಗೆದ. ಧೋತರವನ್ನು ಲಂಗೋಟಿಯಂತೆ ಬಿಗಿದು, ಒಂದೊಂದೇ ಮೆಟ್ಟಿಲು ಇಳಿದು ಎದೆಮಟ್ಟ ನೀರಿನಲ್ಲಿ ನಿಂತ. ತೇಲುತ್ತ ಬಂದ ಸಮದನನ್ನು ಒಂದು ಕೈಯಿಂದ ಮೆಟ್ಟಿಲಿಗೆ ನೂಕಿದ.

"ಬಾರೋ ಮುಯ್ಯಾಳ."

ದಶರಥ ಬೆನ್ನಿಗೆ ಬುರುಡೆ ಕಟ್ಟಿಕೊಂಡು ಇಳಿದ. ನೀರು ಮೊಣಕಾಲಿಗೆ, ತೊಡೆಗೆ, ಹೊಟ್ಟೆಗೆ ತಾಗಿದಂತೆ ಅವನ ಉಸಿರು ಮೇಲೆ ಮೇಲೆ ಹೋಯಿತು. ಅಂಥ ಬಿಸಿಲಲ್ಲೂ ಎಂಥ ತಣ್ಣಗಿನ ನೀರು!

"ಬೋರಲ ಬೀಳು. ಬೀಳಲೇ, ನಾ ಇದ್ದೀನಿ."

ಮುದುಕನ ಅಗಲವಾದ ಅಂಗೈ ಅವನ ಹೊಟ್ಟೆಯ ಕೆಳಗೆ ಬಂತು. ನೇಗಿಲು ಹಿಡಿದು ಒರಟಾದ ಕೈ. ದಶರಥ ಕೈಕಾಲು ಬಡಿದ. ಮೂಗಿಗೆ ನೀರು, ಕಿವಿಗೆ ನೀರು. ಮೇಲೆ ಹುಡುಗರು ಕೂಗುತ್ತಿದ್ದರು, ಶಂಕ್ರೆವ್ವ ರುಮಾಲು ಬೀಸುತ್ತ ಕುಣಿಯುತ್ತಿದ್ದಳು: "ಕಾಲ ಬಡಿ! ಕಾಲ ಬಡಿಯೋ ಪ್ಯಾಟಿ ಕಪ್ಪಿ!"

"ಬಿಡ್ತೀನಿ ನೋಡು."

"ಬಿಡಬ್ಯಾಡ್ರಿ ಅಜ್ಜಾರ! ಬಿಡಬ್ಯಾಡ್ರಿ!"

"ಬಿಟ್ಟು ಆಗಲೇ ಎಷ್ಟೊತ್ತಾತಲೇ ಮಂಗ್ಯಾ!"

ದಶರಥ ತಲೆ ತಿರುಗಿಸಿದ. ಮುದುಕ ಆಚೆ, ಕೈಗಳೆರಡನ್ನೂ ಮೇಲೆತ್ತಿ ನಿಂತಿದ್ದ. ಅವರಿಬ್ಬರ ನಡುವೆ ಇದ್ದದ್ದು ಬರೀ ನೀರು. ದಶರಥ ಒಂದು ಸಲ ಮುಳುಗಿ, ಬುರುಡೆಯ ಜೋರಿಗೆ ಮೇಲೆದ್ದು, ಕೆಮ್ಮುತ್ತ, ನಗುತ್ತ, ಎದುರಿನ ಗೋಡೆಯ ಕಲ್ಲು ಹಿಡಿದ. "ಓಯ್!" ಎಂದು ಒದರಿದ. ಬಾವಿ ಅವನನ್ನು ಕೂಗಿ ಕರೆಯಿತು. ಮೆಟ್ಟಿಲ ಮೇಲಿದ್ದ ಹುಡುಗರೆಲ್ಲ ಒಮ್ಮೆಲೇ ನೀರಿಗೆ ಬಿದ್ದರು.

ಶಿಬಿರ ಮುಗಿಯುವವರೆಗೂ ಹಾಗೆಯೇ ನಡೆಯಿತು. ಮುಂಜಾನೆ ಮಣ್ಣು, ಮಧ್ಯಾಹ್ನ ನೀರು. ಶಿವಶರಣಪ್ಪನ ಎತ್ತುಗಳು ಸುತ್ತುಹಾಕಿ ದೂರದ ಬಾವಿಗೆ ಹೋಗುತ್ತಿದ್ದವು; ಗುರಲಿಂಗಪ್ಪನ ಬಾವಿ ಬಂದಾಗ ಪ್ರತಿ ಸಲವೂ ಕತ್ತು ಈ ಕಡೆಗೆ ತಿರುಗಿಸುತ್ತಿದ್ದವು. ಕೊನೆಯ ದಿನ ದಶರಥನ ಬೆನ್ನ ಮೇಲೆ ಬುರುಡೆ ಇರಲಿಲ್ಲ.

ವಿಜಾಪುರದಲ್ಲಿ ಮೋಟಾರು ಇಳಿದವನೇ ಮನೆಯವರೆಗೂ ಓಡಿದ. ಪರಸವ್ವ ಆಗಷ್ಟೇ ಕಾರಖಾನೆಯಿಂದ ಬಂದು, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತಿದ್ದಳು. ಮಗನ ಸುಟ್ಟ ಮುಖ ನೋಡಿ ನಕ್ಕಳು.

"ಬಂದ್ಯಾ ಹುಚ್ಚಪ್ಪಾ? ಏನ ಕೊಟ್ರು?"

ದಶರಥ ಸಾರಿಸಿದ ನೆಲದ ಮೇಲೆ ಬೋರಲು ಬಿದ್ದು ಕೈಕಾಲು ಬಡಿಯತೊಡಗಿದ. ಧೂಳೆದ್ದಿತು. ಮೂಲೆಯ ಕೊಡ ಉರುಳಿತು.

"ಏ ಏ! ಏನಾಗ್ಯದ ನಿನಗ?"

"ಈಸಾಕತ್ತೇನಿಬೇ! ಮುಯ್ಯಿ ತೀರಿಸ್ಯಾರ. ಹೊಲ ಇದ್ದ ಅಜ್ಜ, ಗುರಲಿಂಗಪ್ಪಜ್ಜ, ತಾನ ಬಾವಿಗೆ ಇಳದು ಕಲಿಸ್ಯಾನ."

"ದಂಡಿ ಮ್ಯಾಲ ನಿಂತು ಹೇಳಿಕೊಟ್ಟನಾ?"

"ಇಲ್ಲ. ಹೊಟ್ಟಿ ಕೆಳಗ ಕೈ ಹಿಡದು."

ಪರಸವ್ವ ಉರುಳಿದ ಕೊಡವನ್ನು ಎತ್ತಿ ನಿಲ್ಲಿಸಲಿಲ್ಲ. ಚಾಚಿದ್ದ ಕಾಲುಗಳನ್ನು ಮಡಚಿ, ಸೆರಗಿನಿಂದ ಕೂದಲಿನ ಹತ್ತಿ ಕೊಡವಿಕೊಂಡು, ನೆಟ್ಟಗೆ ಕುಳಿತಳು.

"ಇನ್ನೊಮ್ಮೆ ತೋರ್ಸು," ಎಂದಳು.