ಕುದಿಸಿದ ಕಲ್ಲು

ಅಕ್ಕನ ಕೈ ಸುಮ್ಮನಿರುವ ಜಾತಿಯದಲ್ಲ. ಆಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ಕ್ರಿಮಿ ಸಾಯುವಂತೆ ಹಬೆಯಲ್ಲಿ ಬೇಯಿಸಿ ಕೊಡುವುದು ಅವಳ ಕೆಲಸ. ಮನೆಗೆ ಬಂದರೂ ಆ ಕೆಲಸ ಅವಳನ್ನು ಬಿಡುವುದಿಲ್ಲ. ಬಾಗಿಲ ಹಿಡಿಯಿಂದ ಸ್ವಿಚ್ಚಿನವರೆಗೆ ಎಲ್ಲವನ್ನೂ ಒರೆಸಲೇಬೇಕು. ಇಂಥವಳಿಗೆ ಅವಳ ತಮ್ಮ ತನ್ನ ಮೀನಿನ ತೊಟ್ಟಿ ಒಪ್ಪಿಸಿ ಹೋದದ್ದು ಧೈರ್ಯವೋ ಹುಚ್ಚೋ, ಅವನನ್ನೇ ಕೇಳಬೇಕು.

"ಏನೂ ಮಾಡ್ಬೇಡ ಅಕ್ಕ. ದಿನಾ ಒಂದು ಚಿಟಿಕೆ ತಿನ್ನೋಕೆ ಹಾಕು, ಅಷ್ಟೇ," ಎಂದಿದ್ದ.

ತಮ್ಮ ಲಿಫ್ಟ್ ರಿಪೇರಿಯವನು. ಜೊತೆಗಾರನೊಬ್ಬ ಕಣ್ಣೆದುರೇ ಬಿದ್ದು ಸತ್ತ ಮೇಲೆ ಕೆಲಸ ಬಿಟ್ಟು, ಅಕ್ಕನ ಮನೆಯ ಒಳಕೋಣೆ ಸೇರಿ ವರ್ಷವಾಗಿತ್ತು. ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ತೊಟ್ಟಿಯೊಳಗಿನ ಬಂಗಾರದ ಬಣ್ಣದ ಮೀನೊಂದೇ. ಎದೆಯುಬ್ಬಿಸಿ ತಿರುಗುತ್ತದೆಂದು ಅದಕ್ಕೆ ದೊರೆ ಎಂದು ಹೆಸರಿಟ್ಟಿದ್ದ. ಈಗ ಬೇರೆ ಊರಿನ ಕಂಪನಿಯೊಂದು ಅವನನ್ನು ಎರಡು ವಾರ ಕೆಲಸಕ್ಕಿಟ್ಟು ನೋಡಲು ಒಪ್ಪಿತ್ತು. ಹೊರಡುವಾಗಲೂ ಬಾಗಿಲಲ್ಲಿ ಹಿಂದೆ ಮುಂದೆ ನೋಡಿದವನು. ಒಂದು ನೆಪ ಸಿಕ್ಕರೆ ಸಾಕು, ಓಡಿ ಬರುತ್ತಾನೆ. ಬಂದನೆಂದರೆ ಆ ಕೋಣೆಯಿಂದ ಮತ್ತೆ ಹೊರಬೀಳುವುದಿಲ್ಲ. ಅಕ್ಕನಿಗೆ ಇದ್ದದ್ದು ಅದೊಂದೇ ಭಯ.

ಅವನು ಹೋದ ಸಂಜೆಯೇ ಅವಳ ಕಣ್ಣು ತೊಟ್ಟಿಯ ತಳಕ್ಕೆ ಬಿತ್ತು. ಹರಳುಕಲ್ಲುಗಳ ನಡುವೆ ಕಂದು ಕೆಸರು, ಹಿಕ್ಕೆ, ಹಳೆಯ ತಿನಿಸಿನ ಚೂರು. ನೋಡಿಯೇ ಮೈ ಕಡಿಯತೊಡಗಿತು. ಮೀನನ್ನು ಬಕೆಟ್ಟಿಗೆ ಬಿಟ್ಟು, ಕಲ್ಲನ್ನೆಲ್ಲ ಬಾಚಿ, ದೊಡ್ಡ ಪಾತ್ರೆಯಲ್ಲಿ ಹಾಕಿ ಕುದಿಸಿದಳು. ನೀರು ಸೋಸುವ ಪಂಪಿನ ಸ್ಪಂಜನ್ನೂ ಬಿಡಲಿಲ್ಲ. ಹೊಸ ನೀರು ತುಂಬಿದಾಗ ತೊಟ್ಟಿ ಫಳಫಳ ಹೊಳೆಯಿತು. ತಮ್ಮ ಬಂದು ನೋಡಿ ಬಾಯಿ ಬಿಡಬೇಕು ಎಂದುಕೊಂಡಳು.

ಬಾಯಿ ಬಿಟ್ಟದ್ದು ದೊರೆ. ನಾಲ್ಕು ದಿನ ಕಳೆಯುವುದರೊಳಗೆ ನೀರು ಅಕ್ಕಿ ತೊಳೆದ ನೀರಿನಂತಾಗಿ, ಅದು ಮೇಲಕ್ಕೆ ಬಂದು ಗಾಳಿ ಗುಟುಕರಿಸತೊಡಗಿತ್ತು. ಅಕ್ಕನ ಜೀವ ಬಾಯಿಗೆ ಬಂತು. ಕುಳಿತಳು, ಎದ್ದಳು; ಅಡುಗೆಮನೆಗೆ ಹೋಗಿ, ಏಕೆ ಬಂದೆನೆಂದು ಮರೆತು ವಾಪಸಾದಳು; ಫೋನು ಎತ್ತಿಕೊಂಡಳು, ಇಟ್ಟಳು. ಹೇಳಿದರೆ ತಮ್ಮ ಬಂದುಬಿಡುತ್ತಾನೆ. ಹೇಳದೆ ದೊರೆ ಸತ್ತರೆ, ಆಗಲೂ ಬಂದುಬಿಡುತ್ತಾನೆ.

ಅಷ್ಟರಲ್ಲಿ ಫೋನು ತಾನೇ ಬಡಿದುಕೊಂಡಿತು.

"ದೊರೆ ಹೇಗಿದೆ ಅಕ್ಕ?"

"ಚೆನ್ನಾಗಿ..." ಎಂದವಳು ತೊಟ್ಟಿಯತ್ತ ನೋಡಿದಳು. "ಇಲ್ಲ ಕಣೋ. ಕಲ್ಲು ಕುದಿಸಿಬಿಟ್ಟೆ."

ಆ ಕಡೆಯಿಂದ, "ಬೆಂತಾ?"

"ತಮಾಷೆ ಮಾಡ್ಬೇಡ್ವೋ! ಅದು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ. ಅಷ್ಟು ಕೊಳೆ ಇತ್ತು, ತೊಳೀಬಾರ್ದಾ ಮತ್ತೆ?"

"ತೊಳೀಬೇಕು. ನಾನೇ ಆಗಾಗ ಪೈಪ್ ಹಾಕಿ ಕೊಳೆ ಎಳೀತೀನಲ್ಲ. ಆದ್ರೆ ಒಂದ್ಸಲಕ್ಕೆ ಅರ್ಧ ತಳ ಅಷ್ಟೇ. ಕಲ್ಲಿಗೆ ಅಂಟ್ಕೊಂಡಿರೋ ಕ್ರಿಮಿನೇ ಆ ನೀರನ್ನ ಸರಿಯಾಗಿ ಇಡೋದು. ನಿಮ್ಮ ಆಸ್ಪತ್ರೆ ಲೆಕ್ಕ ಅಲ್ಲಿ ನಡೆಯಲ್ಲ ಅಕ್ಕ. ಎಲ್ಲಾನೂ ಒಂದೇ ಸಲ ತೊಳೆದುಬಿಟ್ರೆ ಅದು ಬದುಕೋದು ಹೇಗೆ?"

ಅವನು ಬಂದು ಸೇರಿದ ವಾರವೇ ಅವನ ಕೆಲಸದ ಅಂಗಿ, ಸತ್ತ ಜೊತೆಗಾರನ ಫೋಟೋ ಎಲ್ಲವನ್ನೂ, ನೋಡಿ ನೊಂದುಕೊಳ್ಳದಿರಲೆಂದು, ತಾನೇ ಎತ್ತಿ ಎಸೆದದ್ದು ಅವಳಿಗೆ ನೆನಪಾಯಿತು. ಮುಖ ಬಿಸಿಯಾಯಿತು.

"ನೀನು ಬರ್ತೀಯಾ?" ಕೇಳಬಾರದೆಂದುಕೊಂಡಿದ್ದನ್ನೇ ಕೇಳಿಬಿಟ್ಟಳು.

"ನಾನ್ಯಾಕೆ ಬರ್ಲಿ? ಕೆಳಗಡೆ ಟೈಲರಮ್ಮನ ಹತ್ರ ಹೋಗು. ಅವರ ತೊಟ್ಟಿಯಿಂದ ಎರಡು ಬೊಗಸೆ ಕಲ್ಲು ತಂದು, ತೆಳು ಬಟ್ಟೇಲಿ ಕಟ್ಟಿ, ಪಂಪಿನ ಮುಂದೆ ಇಳಿಬಿಡು. ತೊಳೀಬೇಡ ಮತ್ತೆ! ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯ್ಸು, ಹಿಂದಿನ ದಿನ ಹಿಡಿದಿಟ್ಟಿದ್ದು. ತಿನ್ನೋಕೆ ಏನೂ ಹಾಕ್ಬೇಡ. ಇಡ್ತೀನಿ, ಮೇಲೆ ಕರೀತಿದಾರೆ."

ಇಟ್ಟೇಬಿಟ್ಟ. ವರ್ಷದಿಂದ ಊಟ ಬೇಕೋ ಬೇಡವೋ ಎನ್ನಲೂ ತಡವರಿಸುತ್ತಿದ್ದವನ ಬಾಯಲ್ಲಿ ಇಷ್ಟೊಂದು ಅಪ್ಪಣೆ!

ಟೈಲರಮ್ಮನ ತೊಟ್ಟಿ ಕಂಡರೆ ಅಕ್ಕ ಮೂಗು ಮುರಿಯುತ್ತಿದ್ದಳು. 'ತೊಟ್ಟಿಯೋ ಚರಂಡಿಯೋ' ಎಂದು ಮುಖಕ್ಕೇ ಅಂದದ್ದೂ ಉಂಟು. ಈಗ ಪಾತ್ರೆ ಹಿಡಿದು ಅದೇ ಬಾಗಿಲಲ್ಲಿ ನಿಂತಳು.

"ಸ್ವಲ್ಪ ಕೊಳೆ ಬೇಕಿತ್ತು."

ಟೈಲರಮ್ಮ ಹೊಲಿಗೆ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದಳು. "ಏನು ಬೇಕಿತ್ತು?"

"ಕೊಳೆ."

"ಇನ್ನೊಂದ್ಸಲ ಹೇಳಿ, ಕಿವಿಗೆ ತಂಪಾಗ್ತಿದೆ," ಎಂದು ನಕ್ಕಳು. ನಗುತ್ತಲೇ ಚೂರುಬಟ್ಟೆಯ ರಾಶಿಯಿಂದ ತೆಳುವಾದ ಜಾಲರಿ ಬಟ್ಟೆ ಹುಡುಕಿಕೊಟ್ಟಳು. ಅಕ್ಕ ಕೈಗವಸಿಲ್ಲದೆ, ಮೊಣಕೈವರೆಗೆ ಆ ಹಸಿರು ನೀರಿಗೆ ಕೈ ಇಳಿಸಿ ಕಲ್ಲು ಬಾಚಿದಳು.

ಆಮೇಲೆ ಅವಳಿಗೆ ಆಸ್ಪತ್ರೆಯಲ್ಲೂ ನೆಮ್ಮದಿಯಿಲ್ಲ, ಮನೆಯಲ್ಲೂ ಇಲ್ಲ. ಕೆಲಸ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ತೊಟ್ಟಿಯ ಮುಂದೆ ಕುಕ್ಕರಿಸುತ್ತಿದ್ದಳು. ಕೊನೆಗೊಂದು ಸಂಜೆ ದೊರೆ ತಳಕ್ಕಿಳಿದು, ಎಂದಿನಂತೆ ಎದೆಯುಬ್ಬಿಸಿ, ಕಲ್ಲು ಕೆದಕತೊಡಗಿತು. ಅಕ್ಕ ಅಲ್ಲೇ ಅತ್ತುಬಿಟ್ಟಳು.

ಎರಡು ವಾರ ಮುಗಿದಾಗ ತಮ್ಮನ ಫೋನು ಬಂತು.

"ಇಲ್ಲೇ ಇರು ಅಂತಿದಾರೆ ಅಕ್ಕ. ರೂಮೂ ನೋಡಿದೀನಿ."

"ಮತ್ತೆ ದೊರೆ?"

"ನಿನ್ನ ಹತ್ರಾನೇ ಇರ್ಲಿ. ಈಗ ನಿಂಗೆ ಗೊತ್ತಾಯ್ತಲ್ಲ."

ಅವಳು ಹಗಲೂ ರಾತ್ರಿ ಬೇಡಿಕೊಂಡದ್ದು ಇದನ್ನೇ. ಆದರೂ ಫೋನಿಟ್ಟ ಮೇಲೆ ಮನೆ ಭಣಗುಟ್ಟಿತು. ಕೈ ಸುಮ್ಮನಿರದೆ ಒಳಕೋಣೆಗೆ ಹೋಗಿ, ಅವನ ಹಾಸಿಗೆಯ ಹೊದಿಕೆ, ದಿಂಬು ಎರಡನ್ನೂ ಎತ್ತಿಕೊಂಡಳು. ದಿಂಬಿನಲ್ಲಿ ಅವನ ತಲೆ ಊರಿದ ಎಣ್ಣೆಯ ಗುರುತು ಇನ್ನೂ ಇತ್ತು. ಹೊದಿಕೆಯನ್ನು ಒಗೆಯಲು ಹಾಕಿ, ದಿಂಬನ್ನು ಇದ್ದ ಹಾಗೆಯೇ ಮಂಚದ ಮೇಲಿಟ್ಟು ಬಂದಳು.