ಎಲ್ಲರಿಗೂ ಒಂದೇ ರಜೆ

"ನಿಂಗೊಬ್ಳಿಗೇ ಏನು ಕೊಂಬು ಬಂದಿದೆಯಾ?" ಅಧ್ಯಕ್ಷೆ ಮೇಜು ಗುದ್ದಿದಳು. "ಎಲ್ಲರ ರಜೆ ಒಂದು ದಿನ, ಮಹಾರಾಣಿ ರಜೆ ಇನ್ನೊಂದು ದಿನ. ಇನ್ನು ಮೇಲೆ ಆಗಲ್ಲ."

"ಹೆಚ್ಚಿಗೆ ಏನು ಕೇಳಿದೆ?" ಎಂದಳು ಸಣ್ಣಕ್ಕ. "ನಿಮ್ಮ ರಜೆ ದಿನ ನಾನು ಬಂದು ದುಡಿಯಲ್ವಾ?"

"ಯಾರು ಕಂಡ್ರು? ದಿಂಬಿನ ರಾಶಿ ಮೇಲೆ ಮಲಗಿ ಗೊರಕೆ ಹೊಡೆದ್ರೂ ಕೇಳೋರಿಲ್ಲ."

ಎಲ್ಲರೂ ನಕ್ಕರು.

"ಹೌದು. ಮಾರನೇ ದಿನ ನೀವು ಬರೋ ಹೊತ್ತಿಗೆ ಇಸ್ತ್ರಿ ಆಗಿರುತ್ತಲ್ಲ, ಅದನ್ನ ದೆವ್ವ ಮಾಡಿಟ್ಟು ಹೋಗಿರುತ್ತೆ."

ಈ ಸಲ ಯಾರೂ ನಗಲಿಲ್ಲ.

ಅದು ಹೆಂಗಸರೇ ಕೂಡಿ ನಡೆಸುವ ಲಾಂಡ್ರಿ. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಮೇಜಿನ ಬಟ್ಟೆ ಇಲ್ಲಿಗೆ ಬರುತ್ತವೆ. ಹಳೆಯ ಮಾಲೀಕ ನಷ್ಟವಾಯಿತೆಂದು ಕೈಬಿಟ್ಟಾಗ ಇವರೇ ವಹಿಸಿಕೊಂಡರು. ಅಂದಿನಿಂದ ಯಾವ ಸೋಪು ತರಬೇಕು, ಯಾವ ಕಿಟಕಿ ತೆರೆಯಬೇಕು, ಎಲ್ಲಕ್ಕೂ ಕೈ ಎತ್ತುವುದೇ ಪದ್ಧತಿ.

ಅಷ್ಟು ಜನರಲ್ಲಿ ಬೇರೆ ಮತದವಳು ಸಣ್ಣಕ್ಕ ಒಬ್ಬಳೇ. ಅವಳ ಮತದವರ ಪ್ರಾರ್ಥನೆಯ ದಿನ ವಾರದ ನಡುವೆ ಬರುತ್ತದೆ. ಮೊದಲಿನಿಂದಲೂ ಆ ದಿನ ಅವಳು ಬರುತ್ತಿರಲಿಲ್ಲ. ಬದಲಿಗೆ ಎಲ್ಲರ ರಜೆಯ ದಿನ ತನ್ನ ಬೀಗದ ಕೈಯಿಂದ ಬಾಗಿಲು ತೆರೆದು, ದಿನವಿಡೀ ಒಬ್ಬಳೇ ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಬಾಯ್ಲರ್ ಆರಿರುತ್ತಿತ್ತು. ಕೆಮ್ಮಿದರೆ ಆ ಕೆಮ್ಮು ಗೋಡೆಗೆ ಬಡಿದು ಅವಳಿಗೇ ವಾಪಸು ಬರುತ್ತಿತ್ತು. ಮಾತಿಗೆ ಜನ ಬೇಕೆನಿಸಿದರೆ ಇಸ್ತ್ರಿ ಪೆಟ್ಟಿಗೆಯನ್ನೇ ಬೈಯುತ್ತಿದ್ದಳು.

ಗಂಡ ತೀರಿಹೋಗಿದ್ದ. ಮಗಳು ದೂರದ ಊರು ಸೇರಿದ್ದಳು. ಪ್ರಾರ್ಥನೆ ಮನೆಯಲ್ಲೂ ಈಗ ಉಳಿದವರು ಬೆರಳೆಣಿಕೆಯ ಮುದುಕಿಯರು. ಆದರೆ ಲಾಂಡ್ರಿಯವರು ಇಟ್ಟ ಸಣ್ಣಕ್ಕ ಎಂಬ ಅಡ್ಡಹೆಸರು ಬಿಟ್ಟು, ತಾಯಿ ಇಟ್ಟ ಹೆಸರು ಹಿಡಿದು ಅವಳನ್ನು ಕರೆಯುತ್ತಿದ್ದವರು ಆ ಮುದುಕಿಯರು ಮಾತ್ರ. ಆ ದಿನ ಹೋದರೆ ಆ ಹೆಸರೂ ಹೋದಂತೆಯೇ.

ಇಷ್ಟು ವರ್ಷ ಯಾರ ಕಣ್ಣಿಗೂ ಚುಚ್ಚದ್ದು ಈಗ ಚುಚ್ಚತೊಡಗಿತ್ತು. ಊರಿನ ಗಾಳಿಯೇ ತಿರುಗಿತ್ತು. ಮೊನ್ನೆ ಯಾರೋ ಪ್ರಾರ್ಥನೆ ಮನೆಯ ಬಾಗಿಲಿಗೆ ಡಾಂಬರು ಬಳಿದರು. ಲಾಂಡ್ರಿಯ ಹೆಂಗಸರು ಬಳಿದದ್ದಲ್ಲ. ಆದರೆ ಅದನ್ನು ಕೆರೆದು ತೆಗೆದ ಸಣ್ಣಕ್ಕನ ಉಗುರಿನ ಸಂದಿಯಲ್ಲಿ ಉಜ್ಜಿದರೂ ಹೋಗದ ಕಪ್ಪು ಕಂಡು, ಏನದು ಎಂದು ಕೇಳಿದವರೂ ಇಲ್ಲ.

"ನಾವು ಹೆಚ್ಚು ಜನ ಇದೀವಿ. ಅದೂ ನಮ್ಮ ತಪ್ಪೇನೇ?" ಎಂದಳು ಬಾಯ್ಲರ್ ನೋಡಿಕೊಳ್ಳುವವಳು.

"ತಪ್ಪಲ್ಲ. ಸೋಪಿಗೆ ಕೈ ಎತ್ತಿ, ಕಿಟಕಿಗೆ ಎತ್ತಿ, ನಾನೂ ಎತ್ತುತ್ತೀನಿ. ನನ್ನ ದೇವರ ದಿನಕ್ಕೂ ಎತ್ತಬೇಕಾ? ನಿಮ್ಮ ದಿನ ಯಾವುದಿರಬೇಕು ಅಂತ ಯಾವತ್ತಾದ್ರೂ ಎತ್ತಿಸಿದೀರಾ?"

ಉತ್ತರವಿಲ್ಲದವರ ಗಂಟಲು ಯಾವಾಗಲೂ ದೊಡ್ಡದು.

"ಸಾಕು ಪುರಾಣ!" ಅಧ್ಯಕ್ಷೆ ಕೂಗಿದಳು. "ಎಲ್ಲರಿಗೂ ಒಂದೇ ರಜೆ. ಒಪ್ಪೋರು ಎತ್ತಿ."

ಕೈಗಳು ಎದ್ದವು. ಎಲ್ಲವೂ ಸೋಡಾ ನೀರಿಗೆ ಊದಿಕೊಂಡು ಸುಲಿದ ಕೈಗಳೇ. ಸಣ್ಣಕ್ಕನ ಜೊತೆ ಬಟ್ಟೆ ಮಡಿಸುವ ದಪ್ಪಕ್ಕ ಮೊದಲು ಕೂದಲು ಸರಿಮಾಡುವವಳಂತೆ ಕಿವಿಯ ತನಕ ಎತ್ತಿ, ಅತ್ತಿತ್ತ ನೋಡಿ, ಆಮೇಲೆ ಪೂರ್ತಿ ಎತ್ತಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಅಧ್ಯಕ್ಷೆ ಬಿಡಲಿಲ್ಲ. "ಒಬ್ಬಳದು ಎದ್ದಿಲ್ಲ. ಎಲ್ಲರೂ ಒಪ್ಪಿದ್ರು ಅಂತಾದ್ರೆ ಚೆಂದ. ನಾಳೆ ಯಾರೂ ನಮ್ಮನ್ನ ದೂರಬಾರದು ನೋಡು."

"ಗೆದ್ದಿದೀರಲ್ಲ, ಸಾಲದಾ?"

"ಕೈ ಎತ್ತೋಕೂ ಅಷ್ಟು ಜಂಬವೇನೇ?"

ಮಾತು ಎಲ್ಲಿಗೋ ಹೋಗುತ್ತಿದೆ ಎಂದು ದಪ್ಪಕ್ಕನಿಗೆ ದಿಗಿಲಾಯಿತು. ಅವಳು ಸಣ್ಣಕ್ಕನ ಮಣಿಕಟ್ಟು ಹಿಡಿದು ಮೇಲೆತ್ತಿಬಿಟ್ಟಳು. "ನೋಡಿ, ಇದೂ ಎದ್ದಿದೆ! ಹೊಟ್ಟೆ ಚುರುಗುಡ್ತಿದೆ, ಮುಗಿಸ್ರಮ್ಮ!"

ಗೊಳ್ಳೆಂದು ನಗು. ಚಪ್ಪಾಳೆಯೂ ಬಿತ್ತು. ದಪ್ಪಕ್ಕ ಬಿಟ್ಟ ಮೇಲೂ ಆ ಕೈ, ಹಗ್ಗದ ಮೇಲೆ ಮರೆತ ಬಟ್ಟೆಯ ಹಾಗೆ, ಒಂದು ಗಳಿಗೆ ಅಲ್ಲೇ ಇತ್ತು.

ಊಟವಾದ ಮೇಲೆ ಇಬ್ಬರೂ ಮಡಿಸಲು ನಿಂತರು. ಆಸ್ಪತ್ರೆಯ ಹಾಸುಬಟ್ಟೆ ಅಗಲ, ಒಬ್ಬರಿಗೆ ಬಗ್ಗುವುದಿಲ್ಲ. ಆ ತುದಿ ಇವಳು, ಈ ತುದಿ ಅವಳು. ಜಗ್ಗಿ ಒದರಬೇಕು, ಅರ್ಧಕ್ಕೆ ಮಡಿಸಬೇಕು, ಹತ್ತಿರ ಬಂದು ತುದಿಗೆ ತುದಿ ಸೇರಿಸಬೇಕು.

ಹತ್ತಿರ ಬಂದಾಗ ದಪ್ಪಕ್ಕ ಪಿಸುಗುಟ್ಟಿದಳು. "ಸಿಟ್ಟಾ? ನಿನ್ನ ಒಳ್ಳೇದಕ್ಕೇ ಎತ್ತಿದ್ದು ಕಣೇ. ಒಬ್ಳೇ ಎದುರು ನಿಂತ್ರೆ ನಾಳೆ ನಿನ್ನ ಜೊತೆ ಯಾರು ಮಾತಾಡ್ತಾರೆ?"

ಸಣ್ಣಕ್ಕ ಹಿಂದೆ ಸರಿದು ಮತ್ತೊಂದು ಬಟ್ಟೆ ಒದರಿದಳು. ಮತ್ತೆ ಹತ್ತಿರ ಬಂದಾಗ ಅಂದಳು: "ಸೋಲ್ತೀನಿ ಅಂತ ಗೊತ್ತಿತ್ತು. ಬೇಡ ಅಂದು ಸೋಲ್ತಿದ್ದೆ. ಅದನ್ನೂ ನೀನು ಕಿತ್ಕೊಂಡೆ."

"ಅಯ್ಯೋ, ತಮಾಷೆಗೆ..."

"ನಿನ್ನ ಕೈ ನೀನು ಎತ್ತಿದ್ದಕ್ಕೆ ನಂಗೆ ಬೇಜಾರಿಲ್ಲ ಅಕ್ಕಾ. ಅದು ನಿನ್ನ ಕೈ."

ತನ್ನ ಎರಡು ತುದಿಗಳನ್ನು ದಪ್ಪಕ್ಕನ ಬೆರಳುಗಳಿಗೆ ಸೇರಿಸಿ, ಮಡಿಕೆಯನ್ನು ಅಂಗೈಯಿಂದ ಒತ್ತಿ ಸರಿಮಾಡಿದಳು. ಆಮೇಲೆ ಮೂಲೆಗೆ ಹೋಗಿ ತನ್ನ ಕೈಚೀಲ ತೆಗೆದುಕೊಂಡಳು. ನೀರು ಕುಡಿಯಲು ಹೊರಟಳೆಂದುಕೊಂಡ ದಪ್ಪಕ್ಕ ಮುಂದಿನ ಬಟ್ಟೆ ಬಿಚ್ಚಿ ಎರಡು ತುದಿ ಹಿಡಿದು ನಿಂತಳು. ಇನ್ನೆರಡು ತುದಿ ನೆಲಕ್ಕೆ ಬಿದ್ದಿದ್ದವು.

"ಬೇಗ ಬಾರೇ, ಕೈ ನೋಯ್ತಿದೆ!"

ಬಾಯ್ಲರ್ ಸದ್ದಿನಲ್ಲಿ ಹೊರಬಾಗಿಲು ಮುಚ್ಚಿದ್ದು ಕೇಳಿಸಲಿಲ್ಲ. ಇಸ್ತ್ರಿ ಮೇಜಿನ ಮೇಲೆ, ಜೋಡಿಸಿಟ್ಟ ದಿಂಬಿನ ಚೀಲಗಳ ಪಕ್ಕ, ಸಣ್ಣಕ್ಕನ ಬೀಗದ ಕೈ ಇತ್ತು. ಅದನ್ನು ಕಂಡ ಮೇಲೂ ದಪ್ಪಕ್ಕ ಬಹಳ ಹೊತ್ತು ಆ ಬಟ್ಟೆ ಹಿಡಿದೇ ನಿಂತಿದ್ದಳು.