ಮೂರು ಕಾಳಿನ ತೋಪು

ಕೋಥರೂಡದ ಆ ಫ್ಲ್ಯಾಟುಗಳ ಸೊಸೈಟಿಗೆ ಕಬ್ಬಿಣದ ತೋಪು ಬಂದದ್ದು ಟೆಂಪೋದಲ್ಲಿ, ಯಾರದೋ ಹಳೆ ಫ್ರಿಜ್ಜಿನ ಪಕ್ಕದಲ್ಲಿ ಮಲಗಿಕೊಂಡು. ಅಧ್ಯಕ್ಷ ಬಸವಲಿಂಗ ಮಾತ್ರ ಅಂಬಾರಿಯಿಂದ ಇಳಿಸಿಕೊಂಡವನ ಹಾಗೆ ಎದೆ ಸೆಟೆಸಿ ನಿಂತಿದ್ದ. ವಿಜಯಪುರದಿಂದ ಬಂದು ಬಟ್ಟೆ ವ್ಯಾಪಾರದಲ್ಲಿ ಮೂರು ಅಂಗಡಿ ಮಾಡಿದವನು. ಸೀರೆಯ ಜರಿ ಮುಟ್ಟಿ ಅಸಲಿ ನಕಲಿ ಹೇಳುತ್ತಿದ್ದ ಮಹಾಶಯ, ಭೋರ್ ಕಡೆಯ ದಲ್ಲಾಳಿಯೊಬ್ಬ ತುಕ್ಕು ತೋರಿಸಿ ಮುನ್ನೂರು ವರ್ಷದ್ದು ಎಂದೊಡನೆ ಬಾಯಿ ಬಿಟ್ಟುಕೊಂಡು ನಂಬಿದ್ದ.

ತೋಪಿನ ಪಕ್ಕ ಒಂದು ಫಲಕ ಬೇರೆ. ಫೋನಿನಲ್ಲಿ ಓದಿದ್ದನ್ನೆಲ್ಲ ಅದರಲ್ಲಿ ಬರೆಸಿದ್ದ. ಇಂಗ್ಲಿಷರ 'ಕ್ಯಾನನ್' ಬಂದದ್ದು ಇಟಲಿಯವರ 'ದೊಡ್ಡ ಕೊಳವೆ'ಯಿಂದ. ಅದರ ಮೂಲ ಲ್ಯಾಟಿನ್ನಿನ 'ಕನ್ನಾ', ಎಂದರೆ ಹೊಳೆದಂಡೆಯ ಟೊಳ್ಳು ಲಾಳಕಡ್ಡಿ. 'ತೋಪು' ತುರ್ಕರ ಮಾತು. 'ಫಿರಂಗಿ' ಎಂದರೆ ಪರಂಗಿಯವರದು. ಬಂದುಹೋಗುವವರನ್ನೆಲ್ಲ ನಿಲ್ಲಿಸಿ ಮರಾಠಿಯಲ್ಲಿ ಇದನ್ನೇ ಒದರುತ್ತಿದ್ದ. ಹಾಲಿನವನನ್ನೂ ಬಿಟ್ಟಿರಲಿಲ್ಲ.

ಗೇಟಿನ ಕಾವಲುಗಾರ ಹುಸೇನಪ್ಪ ದಿನವೂ ಕೇಳಿ ಕೇಳಿ ಬೇಸತ್ತಿದ್ದ. ಆದರೆ ಲಾಳಕಡ್ಡಿಯ ಮಾತು ಅವನಿಗೆ ಹಿಡಿಸಿತ್ತು. ಯಾದಗಿರಿಯಿಂದ ಬಂದು ಚಿಂಚವಾಡದ ಒಂದು ಎರಕದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಉಸುಕಿನ ಅಚ್ಚು ಕಟ್ಟಿದವನು ಅವನು. ಕಬ್ಬಿಣ ಯಾವನಾದರೂ ಹೊಯ್ಯಬಹುದು, ನಡುವಿನ ಟೊಳ್ಳನ್ನು ನಡುವಿನಲ್ಲೇ ನಿಲ್ಲಿಸುವುದೇ ಕಸುಬು. ಆ ಟೊಳ್ಳಿಗಾಗಿ ಅಚ್ಚಿನೊಳಗೆ ಉಸುಕಿನದೇ ಒಂದು ದಿಂಡು ಇಡುತ್ತಾರೆ. ದಿಂಡು ಸರಿದರೆ ಕೊಳವೆಯ ಒಂದು ಮಗ್ಗಲು ದಪ್ಪ, ಇನ್ನೊಂದು ಹಪ್ಪಳ. ಹೆಸರಿನ ಬೇರು ಹುಡುಕಿದ ಬಸವಲಿಂಗ ಒಮ್ಮೆಯೂ ಬಗ್ಗಿ ಆ ಟೊಳ್ಳನ್ನು ನೋಡಿರಲಿಲ್ಲ.

ಆಯುಧ ಪೂಜೆಯ ಖಂಡೇನವಮಿಗೆ ಹಿಂದಿನ ದಿನ ತೋಪು ತೊಳೆಯುವ ಕೆಲಸ ಹುಸೇನಪ್ಪನಿಗೆ ಬಿತ್ತು. ತೋಪಿನ ಹೊಟ್ಟೆಯ ಕೆಳಗೆ ಬ್ರಷ್ ಹಾಕಿದವನ ಕೈ ಅಲ್ಲೇ ನಿಂತಿತು. ಮೂರು ಸಣ್ಣ ಉಬ್ಬು, ಒಂದರ ಪಕ್ಕ ಒಂದು. ಆ ಕಾರ್ಖಾನೆಯಲ್ಲಿ ಅಚ್ಚು ಮುಚ್ಚುವ ಮುಂಚೆ ಒಬ್ಬೊಬ್ಬ ಕೆಲಸಗಾರ ಉಸುಕಿನಲ್ಲಿ ತನ್ನದೊಂದು ಗುರುತು ಒತ್ತುವುದು ರೂಢಿ. ಹುಸೇನಪ್ಪನದು ಮೂರು ಜೋಳದ ಕಾಳು.

ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಆರು ವರ್ಷದ ಹಿಂದೆ ಮದುವೆ ಹಾಲೊಂದರ ಬಾಗಿಲಿಗೆಂದು ಹೊಯ್ದದ್ದು. ದಿಂಡು ಸರಿದಿತ್ತು. ಅಂದಕ್ಕೆ ಇಡುವುದು, ಯಾರು ಹಾರಿಸುತ್ತಾರೆ ಎಂದು ಮೇಲ್ವಿಚಾರಕ ಅದನ್ನು ಪಾಸು ಮಾಡಿದ್ದ. ಹುಸೇನಪ್ಪನೂ ತೆಪ್ಪಗಿದ್ದ. ಈಗ ಅದು ನೆನಪಾಗಿ ತನ್ನ ಮೇಲೂ ಅವನಿಗೆ ಹೇಸಿಗೆಯಾಯಿತು. ಕೆಳಗೆ ಇಟ್ಟಿಗೆ ಕೊಟ್ಟು ತೋಪಿನ ಬಾಯಿ ಮೇಲೆ ಮಾಡಿ ಒಂದು ಬಕೆಟ್ ನೀರು ಸುರಿದ. ಸ್ವಲ್ಪ ಹೊತ್ತಿಗೆ ಬೆನ್ನಿನ ಮೇಲೆ ಸಣ್ಣ ಸಾಲಾಗಿ ನೀರು ಜಿನುಗಿತು.

ಬಸವಲಿಂಗನನ್ನು ಕರೆತಂದು ತೋರಿಸಿದ. "ಸಾಹೇಬ್ರ, ಇದು ನಾ ಹೊಯ್ದಿದ್ದು ಅದರೀ, ತಳದಾಗ ನನ್ನ ಮೂರು ಕಾಳಿನ ಗುರುತು ಅದ. ಬೆನ್ನು ಭಾಳ ತೆಳ್ಳಗದ. ಮದ್ದು ತುಂಬಿದ್ರ ಒಡೀತದ, ಹಚ್ಚಿದಾಂವ ಉಳಿಯಂಗಿಲ್ಲ."

"ನೀ ಹೊಯ್ದಿದ್ದು?" ಬಸವಲಿಂಗ ಹೊಟ್ಟೆ ಕುಣಿಸಿ ನಕ್ಕ. "ತೋಪು ಅನ್ನೂ ಮಾತು ಎಲ್ಲಿಂದ ಬಂತು ಅಂತಾದ್ರೂ ಗೊತ್ತದ ಏನು ನಿನಗ? ಅವು ಕಾಳಲ್ಲೋ, ರಾಜಮುದ್ರಿ. ಬತ್ತಿ ಇಡಾಕ ಬಾಜೂಕ ತೂತು ಹೊಡಸ್ತೀನಿ, ಪಟಾಕಿ ಮದ್ದು ತರಸೀನಿ. ನಾಳೆ ಬತ್ತಿ ಹಚ್ಚಾಂವ ನೀನ. ಆಗಂಗಿಲ್ಲ ಅಂದ್ರ ಖೋಲಿ ಖಾಲಿ ಮಾಡು."

ಪಂಪಿನ ಮನೆಗೆ ಹತ್ತಿದ, ಸೊಸೈಟಿ ಕೊಟ್ಟ ಆ ಒಂದೇ ಖೋಲಿಯಲ್ಲಿ ಹುಸೇನಪ್ಪ, ಯಮನವ್ವರ ಸಂಸಾರವೆಲ್ಲ. ವಿಷಯ ಕೇಳಿದ ಹೆಂಡತಿ ಅಳಲಿಲ್ಲ. ಮೂಲೆಯ ಟ್ರಂಕು ಎಳೆದು ಸೀರೆ ಮಡಚತೊಡಗಿದಳು. "ಖೋಲಿ ಇನ್ನೊಂದ ಸಿಗ್ತದ," ಎಂದಳು.

ಮರುದಿನ ಬೆಳಿಗ್ಗೆ ಮದ್ದು ತುಂಬಿದ ತೋಪಿಗೆ ಚೆಂಡುಹೂವಿನ ಹಾರ ಬಿತ್ತು. ಬಸವಲಿಂಗ ಹೊಟ್ಟೆಯಡಿ ಕೈ ಹಾಕಿ 'ರಾಜಮುದ್ರೆ'ಗೆ ಕುಂಕುಮ ಹಚ್ಚಿ ಕೈಮುಗಿದ. ಲಾಳಕಡ್ಡಿಯಿಂದ ತುರ್ಕರವರೆಗೆ ಭಾಷಣ ಕೊರೆದ. ಕೊನೆಗೆ ಉದ್ದ ಕೋಲಿಗೆ ಕಟ್ಟಿದ ಊದುಬತ್ತಿಯನ್ನು ಹುಸೇನಪ್ಪನ ಕೈಗೆ ಕೊಟ್ಟ. ಹುಸೇನಪ್ಪ ಅದನ್ನು ತಿರುಗಿ ಅವನ ಕೈಗೇ ಇಟ್ಟ. ನಂತರ ಎಲ್ಲರಿಗೂ ಕೇಳುವ ಹಾಗೆ ಮರಾಠಿಯಲ್ಲಿ, ಇದು ಆರು ವರ್ಷದ ಹಿಂದೆ ನಾನೇ ಹೊಯ್ದ ಹಾಳು ಮಾಲು, ಒಡೆಯುತ್ತದೆ ಎಂದ.

ಪೂಜೆಗೆ ಸೇರಿದ್ದ ನಲವತ್ತು ಮಂದಿ, ಅಲ್ಲಿ ನಿಂತಿದ್ದ ಸ್ಕೂಟರುಗಳ ಆಚೆಗೆ ಸರಿದರು. ಬಸವಲಿಂಗನ ಹೆಂಡತಿ ಶಿವಗಂಗವ್ವ ಆರತಿ ತಟ್ಟೆ ಸಮೇತ ಮೆಟ್ಟಿಲೇರಿಬಿಟ್ಟಳು.

"ಮುನ್ನೂರು ವರ್ಷ ತಡದದ್ದು ಇವತ್ತ ಒಡೀತದ ಏನ್ರೀ ಸಾಹೇಬ್ರ? ನೀವ ಹಚ್ಚ್ರಿ," ಎಂದ ಹುಸೇನಪ್ಪ.

ಬಸವಲಿಂಗ ಎರಡು ಹೆಜ್ಜೆ ಇಟ್ಟ. ಮೂರನೆಯದು ಏಳಲಿಲ್ಲ. ಕೋಲನ್ನು ತನ್ನತ್ತಲೇ ಎಳೆದುಕೊಂಡ, ಬೂದಿ ಅವನ ಬಿಳಿ ಧೋತರದ ಮೇಲೆಯೇ ಉದುರಿತು. ಬತ್ತಿ ಪೂರ್ತಿ ಉರಿದು ಆರಿದ ಮೇಲೆ, ಮುಹೂರ್ತ ಮೀರಿತು ಎಂದು ಗೊಣಗಿದ. ಹುಸೇನಪ್ಪ ಬಕೆಟ್ ತಂದು ತೋಪಿನ ಬಾಯಿಗೆ ನೀರು ಸುರಿದ. ಮದ್ದಿನ ಕರಿನೀರು ತೂತಿನಿಂದಷ್ಟೇ ಅಲ್ಲ, ಬೆನ್ನಿನಿಂದಲೂ ಜಿನುಗಿ ಹೂವಿನ ಹಾರದೊಳಗೆ ಇಳಿಯಿತು.

"ಖೋಲಿ ಖಾಲಿ ಮಾಡು," ಎಂದ ಬಸವಲಿಂಗ, ತೀರ ಸಣ್ಣ ದನಿಯಲ್ಲಿ.

"ಟ್ರಂಕ್ ನಿನ್ನೆನ ಕಟ್ಟೇವ್ರಿ," ಎಂದಳು ಯಮನವ್ವ.

ಇಬ್ಬರೂ ಗೇಟು ದಾಟುವಾಗ ಹುಸೇನಪ್ಪ ಒಮ್ಮೆ ಹಿಂದಿರುಗಿ ನೋಡಿದ. ಮಂದಿಯೆಲ್ಲ ಚದುರಿದ್ದರು. ಬಸವಲಿಂಗ ಒಬ್ಬನೇ ಕುಕ್ಕರಗಾಲಿನಲ್ಲಿ ಕೂತು, ಧೋತರದ ಚುಂಗಿನಿಂದ ಆ ಮೂರು ಉಬ್ಬುಗಳನ್ನು ತಿಕ್ಕುತ್ತಿದ್ದ. ಕುಂಕುಮ ಹೋಗಿತ್ತು. ಅವನು ಇನ್ನೂ ತಿಕ್ಕುತ್ತಲೇ ಇದ್ದ.